ಕುರ್ಚಿ ಇರುವ ಕೆಲಸ

“ಮಸ್ಟ್ ಅಂದ್ರೆ?”

“ಮಾಡಲೇಬೇಕು.”

“ಮೇ ಅಂದ್ರೆ?”

“ಮಾಡಬಹುದು. ಏ, ಮೂಲೆ ಗಟ್ಟಿಯಾಗಿ ಹಿಡಿ, ಜಾರ್ತಾ ಇದೆ” ಎಂದಳು ಅಮ್ಮ.

ಗಿಣಿ ದೊಡ್ಡ ಬೆಡ್‌ಶೀಟಿನ ಎರಡು ಮೂಲೆ ಹಿಡಿದಿದ್ದಳು. ಇನ್ನೆರಡು ಅಮ್ಮನ ಕೈಯಲ್ಲಿದ್ದವು. ಇಬ್ಬರೂ ಜಗ್ಗಬೇಕು, ಕೊಡವಬೇಕು, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಹೋಟೆಲುಗಳಿಂದ ಬಂದ ಬೆಡ್‌ಶೀಟುಗಳ ರಾಶಿ ಮೇಜಿನ ಮೇಲೆ ಇನ್ನೂ ಗಿಣಿಯಷ್ಟೇ ಎತ್ತರವಿತ್ತು.

ಅವಳ ನಿಜವಾದ ಹೆಸರನ್ನು ಲಾಂಡ್ರಿಯಲ್ಲಿ ಎಲ್ಲರೂ ಮರೆತಿದ್ದರು. ಬಸ್ ಕಂಡಕ್ಟರ್, ಓನರ್ ಕೆಮ್ಮು, ಬಟ್ಟೆ ಒಣಗಿಸುವ ಮೆಷಿನ್ನಿನ ಗುರ್‌ಗುರ್, ಯಾವ ದನಿಯನ್ನೂ ಅವಳು ಅಣಕಿಸದೆ ಬಿಡುತ್ತಿರಲಿಲ್ಲ. ಅದಕ್ಕೇ ಗಿಣಿ.

ಇವತ್ತು ಗಿಣಿಯ ಕಾಲು ನೋಯುತ್ತಿತ್ತು. ಇಂಗ್ಲಿಷ್ ನೋಟ್ಸಿನಲ್ಲಿ ಮೂರು ಕಡೆ ಫುಲ್‌ಸ್ಟಾಪ್ ಬಿಟ್ಟಿದ್ದಕ್ಕೆ ಮಿಸ್ ಅವಳನ್ನು ಎರಡು ಪೀರಿಯಡ್ ನಿಲ್ಲಿಸಿದ್ದರು. ಆದರೆ ಅದನ್ನು ಅಮ್ಮನಿಗೆ ಹೇಳಿರಲಿಲ್ಲ. ಅಮ್ಮ ಬೆಳಿಗ್ಗೆಯಿಂದ ನಿಂತೇ ಇದ್ದಳು. ಸಂಜೆಯಾದರೆ ಅಮ್ಮನ ಪಾದ ಊದಿ ಚಪ್ಪಲಿಯೊಳಗೆ ಹೋಗುತ್ತಲೇ ಇರಲಿಲ್ಲ.

ನಾಳೆ ಹತ್ತು ಗಂಟೆಗೆ ಓನರ್ ಅಮ್ಮನಿಗೆ ಇಂಗ್ಲಿಷ್ ಟೆಸ್ಟ್ ಕೊಡುತ್ತಾರೆ. ಗಿರಾಕಿಗಳಿಗೆ ಹೇಳುವಂಥ ಹತ್ತು ವಾಕ್ಯ ಬರೆಯಬೇಕು. ಪಾಸಾದರೆ ಲಾಂಡ್ರಿಯ ಮುಂಭಾಗದ ಕೌಂಟರಿನ ಕೆಲಸ. ಅಮ್ಮನಿಗೆ ಇಂಗ್ಲಿಷಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಪ್ರೀತಿ ಕೌಂಟರಿನ ಹಿಂದೆ ಇದ್ದ ಕುರ್ಚಿಯ ಮೇಲೆ.

ಟೀ ಬಿಡುವಿಗೆ ಬೆಲ್ ಆಯಿತು. ಬರೀ ಹದಿನೈದು ನಿಮಿಷ. ಅಮ್ಮ ಬಕೆಟ್ ಬೋರಲು ಹಾಕಿ ಕೂತಳು. ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ನೋಟ್‌ಬುಕ್. ಅವಳು ಪೆನ್ಸಿಲ್ಲನ್ನು ಎಷ್ಟು ಒತ್ತಿ ಬರೆಯುತ್ತಿದ್ದಳೆಂದರೆ, ಚುಕ್ಕಿ ಇಟ್ಟರೆ ‘ಟಕ್’ ಎಂದು ಕೇಳಿಸುತ್ತಿತ್ತು.

“ಏನು ಪಾಠ ಇವತ್ತು?” ಎಂದರು ಇಸ್ತ್ರಿ ಆಂಟಿ. ಇಡೀ ದಿನ ಇಸ್ತ್ರಿ ಮಾಡುವವರಾದ್ದರಿಂದ ಗಿಣಿ ಇಟ್ಟ ಹೆಸರು ಅದು.

“ವಿರಾಮಚಿಹ್ನೆ ಆಂಟಿ.”

“ನಮಗೆ ವಿರಾಮವೇ ಇಲ್ಲ ಕಣೇ, ಚಿಹ್ನೆ ಇಟ್ಕೊಂಡು ಏನ್ ಮಾಡೋಣ?”

ಅಮ್ಮ ಬರೆದು ಮುಗಿಸಿ ನೋಟ್‌ಬುಕ್ ಚಾಚಿದಳು. ಮಸ್ಟ್, ಮೇ, ಶುಡ್ ಎಲ್ಲ ಸರಿಯಾಗಿದ್ದವು. ಆದರೆ ಮೂರು ವಾಕ್ಯಗಳಿಗೆ ಫುಲ್‌ಸ್ಟಾಪೇ ಇರಲಿಲ್ಲ.

ಗಿಣಿ ತನಗಿಲ್ಲದ ಕನ್ನಡಕವನ್ನು ಮೂಗಿನ ಮೇಲೇರಿಸಿದಳು. ಸೊಂಟದ ಮೇಲೆ ಕೈಯಿಟ್ಟಳು. ದನಿ ಮೂಗಿನಿಂದ ಬಂತು, ಥೇಟ್ ಮಿಸ್ಸಿನದೇ.

“ಏನಿದು? ನಿನ್ನ ವಾಕ್ಯಕ್ಕೆ ಬ್ರೇಕೇ ಇಲ್ವಾ? ಫುಲ್‌ಸ್ಟಾಪ್ ಏನು ನಿಮ್ಮ ತಾತನ ಆಸ್ತಿನಾ, ಖರ್ಚಾಗುತ್ತೆ ಅಂತ ಕೂಡಿಡೋಕೆ? ಸ್ಟ್ಯಾಂಡ್ ಅಪ್!”

ಇಸ್ತ್ರಿ ಆಂಟಿ ಬಾಯಲ್ಲಿದ್ದ ಟೀ ಉಗುಳುವಷ್ಟು ನಕ್ಕರು. ಅಮ್ಮನೂ ನಕ್ಕಳು. ನಗುತ್ತಲೇ ಮಂಡಿಯ ಮೇಲೆ ಕೈಯೂರಿ, ಮೆಲ್ಲಗೆ ಎದ್ದು ನಿಂತಳು.

“ಸಾರಿ ಮಿಸ್” ಎಂದು ನೋಟ್‌ಬುಕ್ ವಾಪಸ್ ತೆಗೆದುಕೊಂಡಳು. ನಿಂತುಕೊಂಡೇ ಒಂದೊಂದು ಸಾಲಿನ ಮೇಲೆ ಬೆರಳಾಡಿಸಿ ಹುಡುಕತೊಡಗಿದಳು.

ಆಟಕ್ಕೆ ನಿಂತಳೋ, ನಿಜಕ್ಕೆ ನಿಂತಳೋ ಗಿಣಿಗೆ ತಿಳಿಯಲಿಲ್ಲ. ಅವಳ ಕಣ್ಣು ಅಮ್ಮನ ಪಾದಗಳ ಮೇಲಿತ್ತು. ಅಮ್ಮ ಒಂದು ಹಿಮ್ಮಡಿ ಎತ್ತಿದಳು. ಅದನ್ನು ಇಳಿಸಿ ಇನ್ನೊಂದನ್ನು ಎತ್ತಿದಳು. ಬೆಳಿಗ್ಗೆ ಕ್ಲಾಸಿನಲ್ಲಿ ಗಿಣಿಯೂ ಹಾಗೇ ಮಾಡಿದ್ದಳು. ಮೊದಲು ಎಲ್ಲಿ ನೋಯುತ್ತದೆ, ಆಮೇಲೆ ಎಲ್ಲಿ ಉರಿಯುತ್ತದೆ ಎಂದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು.

“ಅಮ್ಮಾ, ಕೂತ್ಕೋ.”

“ಮಿಸ್ ಹೇಳಲಿ, ಕೂತ್ಕೋತೀನಿ.”

ಗಿಣಿ ಮಿಸ್ಸಿನ ದನಿ ತೆಗೆಯಲು ನೋಡಿದಳು. ಬರಲಿಲ್ಲ.

“ಮಿಸ್ ಮನೆಗೆ ಹೋದ್ರು. ನಾನೇ ಹೇಳ್ತಾ ಇದೀನಿ. ಕೂತ್ಕೋ.”

ಅಮ್ಮ ಅವಳ ಮುಖ ನೋಡಿದಳು. ಮತ್ತೆ ಬಕೆಟಿನ ಮೇಲೆ ಕೂತಳು. ಅಷ್ಟರಲ್ಲಿ ಬಿಡುವು ಮುಗಿದ ಬೆಲ್ ಆಯಿತು. ಅಮ್ಮ ಮತ್ತೆ ಏಳಲು ಹೋದಳು.

“ನೀನು ಬರಿ. ಆಂಟಿ, ಆ ಕಡೆ ಎರಡು ಮೂಲೆ ಹಿಡ್ಕೊಳ್ಳಿ ಪ್ಲೀಸ್. ಹತ್ತೇ ಹತ್ತು ಬೆಡ್‌ಶೀಟ್.”

“ನನ್ನ ಇಸ್ತ್ರಿ ಯಾರು ಮಾಡ್ತಾರೆ? ನಿಮ್ಮ ಮಿಸ್ಸಾ?” ಎಂದು ಗೊಣಗುತ್ತಲೇ ಆಂಟಿ ಬಂದು ಮೂಲೆ ಹಿಡಿದರು.

ಜಗ್ಗಿದರು, ಕೊಡವಿದರು. ಬೆಡ್‌ಶೀಟ್ ಮೇಲೆದ್ದಾಗ ಅದರಡಿಯಿಂದ ಅಮ್ಮನ ಪಾದಗಳು ಕಂಡವು. ಚಪ್ಪಲಿ ಬಿಟ್ಟು, ತಣ್ಣನೆ ನೆಲದ ಮೇಲೆ ಸುಮ್ಮನಿದ್ದವು.

ಟಕ್.

ಒಂದು, ಎಂದು ಗಿಣಿ ಮನಸ್ಸಿನಲ್ಲೇ ಎಣಿಸಿದಳು. ಹಿಂದಕ್ಕೆ ಹೋದಳು, ಮುಂದಕ್ಕೆ ಬಂದಳು.

ಟಕ್.

ಮೂರನೆಯದು ಬರಲಿಲ್ಲ. ಅದು ಕೊನೆಯ ಸಾಲಿನ ಫುಲ್‌ಸ್ಟಾಪ್. ಗಿಣಿಗೆ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅವಳು ತುಟಿ ಬಿಗಿ ಹಿಡಿದಳು. ಒಂದು ಬೆಡ್‌ಶೀಟ್ ಮುಗಿಯಿತು. ಎರಡನೆಯದನ್ನು ಎಳೆದುಕೊಂಡರು. ಜಗ್ಗಿದರು, ಕೊಡವಿದರು.

ಟಕ್.

ಗಿಣಿ ಎರಡು ಹೆಜ್ಜೆ ಮುಂದೆ ಬಂದು ಆಂಟಿಯ ಕೈಯಲ್ಲಿದ್ದ ಮೂಲೆಗೆ ತನ್ನ ಮೂಲೆ ಸೇರಿಸಿದಳು.