ಎರಡನೇ ಸೀಸನ್ನಿನ ಹುಡುಗಿ

"ನೀನು ಸುಮ್ಮನಿದ್ದಾಗಲೇ ನಂಗೆ ಜಾಸ್ತಿ ಕೇಳ್ಸೋದು..."

ನಾಯಕಿ ಪಾತ್ರದ ಹುಡುಗಿ ಸಂಭಾಷಣೆ ಒಪ್ಪಿಸುತ್ತಿದ್ದಂತೆ ನಿಮ್ಮಿ ಬೆಚ್ಚಿ ತಲೆಯೆತ್ತಿದಳು.

ಆ ಹುಡುಗಿ ಮೈಸೂರಿನವಳು. ಅವಳಿಗೆ ಈ ಊರಿನ ಮಾತು ಕಲಿಸುವುದು ನಿಮ್ಮಿಯ ಕೆಲಸ. ಕಡಬದ ಪಿಯು ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ಅವಳನ್ನು 'ಹದಿನೇಳರ ಬಣ್ಣ' ಧಾರಾವಾಹಿಯವರು ದಸರಾ ರಜೆಯಲ್ಲಿ ಕರೆಸಿಕೊಂಡಿದ್ದರು. "ಎರಡನೇ ಸೀಸನ್ ನಮ್ಮ ಕಡೆಯೇ ಶೂಟಿಂಗ್ ಅಂತೆ ಮಿಸ್!" ಎಂದು ಅವಳ ವಿದ್ಯಾರ್ಥಿನಿಯರು ಕುಣಿದಾಡಿದ್ದರು. ಮೊದಲ ಸೀಸನ್ನಿನ ಒಂದೇ ಒಂದು ಕಂತನ್ನೂ ನಿಮ್ಮಿ ನೋಡಿರಲಿಲ್ಲ.

"ಕೇಳ್ಸೋದು ಅಲ್ಲ ಮಾರಾಯ್ತಿ... ಕೇಳುದು" ಎಂದು ತಿದ್ದಿದಳು.

ಎಂಟು ವರ್ಷದ ಹಿಂದೆ ಪುತ್ತೂರಿನ ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು ಅವಳೇ ಹೇಳಿದ್ದ ಮಾತದು! ಕೇಳಿಸಿಕೊಂಡವನು ಒಬ್ಬನೇ.

"ಈ ಮಾತು... ಯಾರು ಬರೆದದ್ದು?"

"ನಾನು."

ಹಿಂದಿನಿಂದ ಬಂದ ಆ ದನಿಗೆ ನಿಮ್ಮಿ ಗಕ್ಕನೆ ತಿರುಗಿದಳು.

ಕೊಯಿಲದ ಜಾನುವಾರು ಫಾರ್ಮಿನ ಹುಲ್ಲುಗಾವಲಿನಲ್ಲಿ ಬೆಳಗಿನ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ದೂರದ ದಿಬ್ಬದಲ್ಲಿ ಮೇಯುತ್ತಿದ್ದ ಹಸುಗಳು ನೀರಲ್ಲಿ ತೇಲುವಂತೆ ಕಾಣುತ್ತಿದ್ದವು. ಆ ಬಿಳುಪಿನ ನಡುವೆ, ಕೈಯಲ್ಲಿ ಕಾಗದದ ಕಟ್ಟು ಹಿಡಿದು ನಿಂತಿದ್ದ... ಅಶ್ವಿತ್!

ಅವನ ಅಪ್ಪ ಇದೇ ಫಾರ್ಮಿನಲ್ಲಿ ಕೆಲಸಕ್ಕಿದ್ದರು. ಪಿಯು ಮುಗಿಯುತ್ತಲೇ ವರ್ಗವಾಗಿ ಸಂಸಾರ ಊರು ಬಿಟ್ಟಿತ್ತು. ಅವನೂ ಹೋಗಿದ್ದ, ಹೊರಡುವ ಸಂಜೆ ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಗೋಣ ಎಂದು ಹೇಳಿಯೂ ಸಿಗದೆ.

'ಗಡ್ಡ ಬಂದಿದೆ... ಕಣ್ಣು ಮಾತ್ರ ಹಾಗೆಯೇ ಉಂಟು' ಎಂದುಕೊಂಡಳು. ಮರುಗಳಿಗೆಗೇ ತನ್ನ ಮೇಲೆ ತನಗೇ ಸಿಟ್ಟು ಬಂತು.

"ಚೆನ್ನಾಗಿದ್ದೀಯಾ ನಿಮ್ಮಿ?"

"ನನ್ನ ಮಾತನ್ನು ಊರಿಗೆಲ್ಲ ಕೇಳಿಸ್ಲಿಕ್ಕೆ ನಿಂಗೆ ಯಾರು ಹೇಳಿದ್ದು?"

ಅವನು ತಲೆ ತಗ್ಗಿಸಿದ. ಅವಳು ಅವನ ಕೈಯಿಂದ ಕಾಗದಗಳನ್ನು ಕಿತ್ತುಕೊಂಡು ಪುಟ ತಿರುವಿದಳು. ಮರುದಿನ ಪುತ್ತೂರಿನಲ್ಲಿ ತೆಗೆಯಬೇಕಾದ ದೃಶ್ಯ ಅದು. ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾನೆ. ಹುಡುಗಿ ಎದುರಿನ ಹೋಟೆಲಿನ ಕಿಟಕಿಯಿಂದ ಅವನನ್ನು ನೋಡುತ್ತಾಳೆ, ಗೆಳತಿಯರ ಜೊತೆ ನಗುತ್ತಾಳೆ... ಬರುವುದೇ ಇಲ್ಲ.

ನಿಮ್ಮಿಯ ಕಣ್ಣು ಮಂಜಾಯಿತು.

"ನಾನು ನಗಾಡಿದ್ದಾ ಅಶ್ವಿತ್? ನಾನು ಅಂಥವಳಾ?"

"ಇದು ಕಥೆ..."

"ಕಥೆ ಅಂತೆ ಕಥೆ! ಅವತ್ತು ಬಾರದೆ ಇದ್ದದ್ದು ನೀನು. ಮೂರೂವರೆಗೇ ಬಂದು ನಿಂತಿದ್ದೆ ನಾನು. ಕೊನೆಯ ಬಸ್ಸು ಹೊರಡುವವರೆಗೆ ಕಾದೆ. ಲೇಟಾಯ್ತು ಅಂತ ಪಪ್ಪ ಬೈದದ್ದು ಇವತ್ತಿಗೂ ನೆನಪುಂಟು!"

ಅಶ್ವಿತನ ಮುಖ ಬಿಳುಚಿತು.

"ಸುಳ್ಳು... ನಾನು ಐದೂವರೆಯವರೆಗೂ ಕಾದಿದ್ದೇನೆ ನಿಮ್ಮಿ. ಎರಡು ಬಸ್ಸು ಬಿಟ್ಟೆ. ಅಮ್ಮ ಕೈ ಹಿಡಿದು ಎಳ್ಕೊಂಡು ಹೋದ್ರು."

"ಎಲ್ಲಿ ಕಾದದ್ದು?"

"ಎಲ್ಲಿ ಅಂದ್ರೆ? ಕೆಎಸ್ಸಾರ್ಟಿಸಿ ಸ್ಟ್ಯಾಂಡಿನಲ್ಲಿ."

ನಿಮ್ಮಿ ಹಾಗೆಯೇ ಹುಲ್ಲಿನ ಮೇಲೆ ಕುಸಿದು ಕುಳಿತಳು.

"ನಾನು... ಪ್ರೈವೇಟ್ ಬಸ್ ಸ್ಟ್ಯಾಂಡಿನಲ್ಲಿ."

ಒಂದೇ ಪೇಟೆ, ಒಂದೇ ಸಂಜೆ, ನಡೆದರೆ ಸ್ವಲ್ಪವೇ ದೂರ... ಆಗ ಅವಳ ಕೈಯಲ್ಲಿ ಫೋನಿರಲಿಲ್ಲ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹುಡುಕಬಹುದಿತ್ತು. 'ಬೇಡದವರನ್ನು ನಾನ್ಯಾಕೆ ಹುಡುಕುದು?' ಎಂಬ ಹಠದಲ್ಲೇ ಎಂಟು ವರ್ಷ ಕಳೆದಿತ್ತು!

"ಈ ಸೀನು ಟಿವಿಯಲ್ಲಿ ಬಂದ್ರೆ, ನಮ್ಮ ಜೊತೆ ಓದಿದವರಿಗೆಲ್ಲ ಗೊತ್ತಾಗ್ತದೆ, ಅದು ಯಾರು ಅಂತ" ಎಂದಳು ನಿಮ್ಮಿ ಮೆಲ್ಲಗೆ. "ಕ್ಲಾಸಿನಲ್ಲಿ ಮಕ್ಕಳ ಎದುರು ಹೇಗೆ ನಿಲ್ಲುದು ನಾನು?"

ಅವನು ಉತ್ತರಿಸುವಷ್ಟರಲ್ಲಿ ನಿರ್ದೇಶಕರು ಕೂಗಿ ಕರೆದರು. ಅವಳು ಕಣ್ಣೊರೆಸಿಕೊಂಡು ಎದ್ದು ಹೋದಳು.

ಮರುದಿನ ಪುತ್ತೂರು. ನಿಮ್ಮಿಗೆ ಹೋಗುವ ಮನಸ್ಸೇ ಇರಲಿಲ್ಲ. ಒಪ್ಪಿಕೊಂಡ ಕೆಲಸವೆಂದು ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಕ್ಯಾಮೆರಾ ಸಿದ್ಧವಾಗಿತ್ತು, ಸುತ್ತ ಜನ ಸೇರಿದ್ದರು. ಆ ಜನರ ನಡುವೆ ಅಶ್ವಿತ್ ನಿರ್ದೇಶಕ ರಾಧಾಕೃಷ್ಣರ ಎದುರು ನಿಂತಿದ್ದ.

"ಈ ಸೀನ್ ಬೇಡ ಸರ್. ತಪ್ಪು ಬರೆದಿದ್ದೇನೆ."

"ತಲೆ ಸರಿ ಉಂಟಾ ನಿಂಗೆ?" ರಾಧಾಕೃಷ್ಣ ಸಿಡಿದರು. "ಚಾನೆಲ್‌ನವರು ಒಪ್ಪಿದ್ದೇ ಈ ಸೀನ್ ನೋಡಿ. ಈಗ ಬದಲಾಯಿಸಿದ್ರೆ ನಿನ್ನ ಕೆಲಸವೇ ಉಳಿಯುದಿಲ್ಲ!"

"ಹೋದ್ರೆ ಹೋಗ್ಲಿ ಸರ್. ಆ ಹುಡುಗಿ ಬಂದಿದ್ದಳು. ಬಂದವಳನ್ನು ಬರಲಿಲ್ಲ ಅಂತ ತೋರಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ನಿಮ್ಮಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

ಅವನು ನಡೆದದ್ದನ್ನು ಯಾರ ಹೆಸರೂ ಎತ್ತದೆ ಹೇಳಿದ. ಎರಡು ಬಸ್ ಸ್ಟ್ಯಾಂಡು, ಕಾದು ಸೋತ ಇಬ್ಬರು. ಮೈಸೂರಿನ ಹುಡುಗಿ ಕಣ್ಣರಳಿಸಿ, "ಸರ್, ಇದೇ ಮಾಡೋಣ! ನಂಗೆ ಈಗಲೇ ಅಳು ಬರ್ತಿದೆ" ಎಂದಳು.

ರಾಧಾಕೃಷ್ಣ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದರು. ಫೋನಿಟ್ಟು ಬಂದು, "ಒಂದು ಗಂಟೆ ಕೊಡ್ತೇನೆ. ಅಷ್ಟರಲ್ಲಿ ಬರೆದು ಕೊಡು" ಎಂದರು. ಆಮೇಲೆ ನಿಮ್ಮಿಯತ್ತ ನೋಡಿ, "ಟೀಚರೇ, ನೀವೂ ಕೂತ್ಕೊಳ್ಳಿ. ಭಾಷೆ ತಪ್ಪಬಾರದು" ಎಂದರು. ಅವರಿಗೆ ಎಲ್ಲ ಅರ್ಥವಾಗಿತ್ತೋ ಏನೋ!

ಇಬ್ಬರೂ ಬೆಂಚಿನ ಮೇಲೆ ಪಕ್ಕಪಕ್ಕ ಕುಳಿತರು. ಬಸ್ಸುಗಳು ಬಂದವು, ಹೋದವು. ಸುಳ್ಯ, ಉಪ್ಪಿನಂಗಡಿ, ಕಡಬ ಎಂದು ಕೂಗುವ ದನಿಗಳೆಲ್ಲ ಎಲ್ಲೋ ದೂರದ ಕನಸಿನಿಂದ ಬರುತ್ತಿರುವಂತೆ ನಿಮ್ಮಿಗೆ ಕೇಳಿಸುತ್ತಿದ್ದವು. ಅವನ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

"ಬರಿ" ಎಂದಳು.

"ಅವತ್ತು ಹೇಳ್ಲಿಕ್ಕೆ ಇದ್ದದ್ದನ್ನು ಮೊದಲು ಹೇಳ್ಬೇಕು."

"ಹೇಳು..."

"ನಿನ್ನನ್ನು ಪ್ರೀತಿಸ್ತೇನೆ ನಿಮ್ಮಿ. ಆಗ್ಲೂ... ಈಗ್ಲೂ."

ಅವಳು ತಲೆಯೆತ್ತಲಿಲ್ಲ. ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು.

"ಒಬ್ಬ ಸಂಬಂಧ ನೋಡ್ಲಿಕ್ಕೆ ಬಂದಾಗ ಮನೆಯಲ್ಲಿ ಅಮ್ಮಚ್ಚಿ ಕೇಳಿದ್ರು, ಎಂತ ಕಮ್ಮಿ ಉಂಟು ಅವನಿಗೆ ಅಂತ. ಉತ್ತರ ಕೊಡ್ಲಿಕ್ಕೆ ಆಗ್ಲಿಲ್ಲ ನನಗೆ. ಅವನು ನೀನಲ್ಲ, ಅಷ್ಟೇ ಕಮ್ಮಿ ಇದ್ದದ್ದು."

ಅಶ್ವಿತ್ ಅವಳ ಕೈ ಮೇಲೆ ಕೈಯಿಟ್ಟ. ಅವಳು ಕೈ ತೆಗೆಯಲಿಲ್ಲ.

"ನಿನ್ನ ಪಪ್ಪ ಒಪ್ತಾರಾ? ನಿಮ್ಮದು ಇಗರ್ಜಿ, ಯೇಸು... ನಮ್ಮದು ಭೂತ, ದೇವರು..."

"ಸುಲಭಕ್ಕೆ ಒಪ್ಪುದಿಲ್ಲ. ಪಪ್ಪ ಜೋಸ್ ಅಂದ್ರೆ ನಮ್ಮ ನೆಲ್ಯಾಡಿಯಲ್ಲೇ ಹೆಸರು, ಅಷ್ಟು ಹಠ. ಆದ್ರೆ ನಾನು ಅವರದೇ ಮಗಳಲ್ವಾ?"

"ಹಾಗಾದ್ರೆ ನಾನು ಯಾವಾಗ ಬರುದು?"

"ಆದಿತ್ಯವಾರ ಬಾ. ಇಗರ್ಜಿಯ ಪೂಜೆ ಮುಗಿಸಿ ಬಂದ ಮೇಲೆ ಪಪ್ಪ ಸ್ವಲ್ಪ ಮೆತ್ತಗೆ ಇರ್ತಾರೆ."

"ಬಯ್ದ್ರೆ?"

"ಬಯ್ತಾರೆ. ಊಟ ಹಾಕದೆ ಮಾತ್ರ ಕಳಿಸುದಿಲ್ಲ" ಎಂದು ನಿಮ್ಮಿ ಕಣ್ಣೀರಲ್ಲೇ ನಕ್ಕಳು. "ಹಸಿದುಕೊಂಡೇ ಬಾ."