ಕೈ ಊರದೆ ಎದ್ದವರು

ಬಸವರಾಜೇಶ್ವರಮ್ಮ ರಾತ್ರಿ ದಿಂಬಿನ ಬಳಿ ಬಿಚ್ಚಿಟ್ಟಿದ್ದ ಚಿನ್ನದ ಸರ ಮಾಯವಾಗಿತ್ತು. ಸಿಕ್ಕಿದ್ದು ಪಕ್ಕದ ಮಂಚದ ತಿಪ್ಪಕ್ಕನ ಕಂಬಳಿಯಲ್ಲಿ.

ರಾಯದುರ್ಗದ ಆ ನರ್ಸಿಂಗ್ ಹೋಮಿಗೆ ಬೆಳಿಗ್ಗೆಯೇ ಓಡಿದೆವು. ಎಸ್ಸೈ ಚಂದ್ರಕಲಾ ಮೇಡಂ, ಮತ್ತು ಚಹಾ ಕೂಡ ಕುಡಿಯದ ಹೆಡ್ ಕಾನ್‌ಸ್ಟೇಬಲ್ ಓಬಯ್ಯ, ಅಂದರೆ ನಾನು. ಮಾಲು ಸಿಕ್ಕಿದೆ, ಕಳ್ಳಿ ಸಿಕ್ಕಿದ್ದಾಳೆ, ಇನ್ನೇನು ಪತ್ತೇದಾರಿಕೆ ಎಂದು ನನಗೆ ಸಿಟ್ಟು.

ವಯಸ್ಸಾದವರ ವಾರ್ಡು. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಪರದೆ.

"ರಾತ್ರಿ ವಾರ್ಡಿಗೆ ಬೀಗ ರೀ. ಒಳಗ ನಡಿಯಾಕಿ ಈಕಿ ಒಬ್ಬಾಕಿನ," ಎಂದಳು ಫಿಸಿಯೋಥೆರಪಿಸ್ಟ್ ಉಷಾರಾಣಿ. "ನಿನ್ನೆ ಎಲ್ಲಾರಿಗೂ ಅಳತಿ ಮಾಡೀನಿ. ಕೈ ಊರದ ಕುರ್ಚಿಯಿಂದ ಎದ್ದು, ಆ ಹಳದಿ ಗೆರಿ ಮುಟ್ಟಿ ಬರಬೇಕು. ತಿಪ್ಪಕ್ಕ ಮಾತ್ರ ಪಾಸು."

ತಿಪ್ಪಕ್ಕ ಕುರಿ ಕಾಯುವ ಮುದುಕಿ. ಜ್ವರದಿಂದ ಹಾಸಿಗೆ ಹಿಡಿದಿದ್ದವಳು ನಿನ್ನೆ ಗೆರೆ ಮುಟ್ಟಿ ವಾರ್ಡೆಲ್ಲ ಬೀಗುತ್ತ ಓಡಾಡಿದ್ದಳಂತೆ. ಈಗ ಮುಖಕ್ಕೆ ಸೆರಗು ಮುಚ್ಚಿ ಮಲಗಿದ್ದಳು.

"ನಡದಿದ್ದ ತಪ್ಪಾತೇನವ್ವ?" ಎಂದಳು. "ನಾ ಕದ್ದಿಲ್ಲ. ಪರದಿ ಆಚಿ ಸಾವ್ಕಾರ ನಿನ್ನೆ ನಸುಕಿನ್ಯಾಗ ಕಿಟಕಿತನ ನಡದು ಹೋದ. ನಾ ನೋಡಿದ್ದು ಅವಗೂ ಗೊತ್ತೈತಿ."

ವಾರ್ಡೆಲ್ಲ ನಕ್ಕಿತು. ಸಾಹುಕಾರ ಉಮಾಮಹೇಶ್ವರ ಜವಳಿ ವ್ಯಾಪಾರಿ. ಕಾರು ಗುದ್ದಿ ಬಿದ್ದವರು, ಪರಿಹಾರದ ಕೇಸು ಕೋರ್ಟಿನಲ್ಲಿತ್ತು. ನಿನ್ನೆಯ ಅಳತೆಯಲ್ಲಿ ಕುರ್ಚಿಯಿಂದ ಮೇಲೇಳಲೂ ಆಗಿರಲಿಲ್ಲ.

"ಸರ ಹುಡುಕಿದ್ದು ಯಾರು?" ಮೇಡಂ ಕೇಳಿದರು.

"ನಾನ ರೀ," ಎಂದಳು ಉಷಾರಾಣಿ. "ಸಾವ್ಕಾರ್ರು ಮಲಗಿದ್ದಲ್ಲಿಂದನ ಹೇಳಿದ್ರು, ಆಕಿ ಕಂಬಳ್ಯಾಗ ನೋಡ್ರಿ ಅಂತ."

"ಕಂಬಳಿ ಎಲ್ಲಿತ್ತು?"

"ದಿಂಬಿನ ಕವರಿನ್ಯಾಗ ರೀ. ದಿಂಬು ತಗ್ಗಾತು ಅಂತ ರಾತ್ರಿ ಮಡಚಿ ತುರುಕ್ಯಾಳ. ತಗದು ನೋಡಿದಾಗನ ನನಗೂ ಗೊತ್ತಾಗಿದ್ದು."

ಮೇಡಂ ಪರದೆ ಸರಿಸಿ ಆಚೆ ಈಚೆ ನೋಡಿದರು. ಅವರು ಹೀಗೆ ನೋಡತೊಡಗಿದರೆ ನನಗೆ ಚಹಾ ಇನ್ನೂ ದೂರ.

* * *

ಉಮಾಮಹೇಶ್ವರರನ್ನು ಇಬ್ಬರು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದೆವು. ಕುರ್ಚಿಯ ಎರಡೂ ತೋಳು ಹಿಡಿದು ಮುಲುಕಿದರು. ಏಳಲಿಲ್ಲ.

"ಆಗಂಗಿಲ್ರೀ. ಯಾಕ ಜೀವ ತಿಂತೀರಿ?"

ಅಯ್ಯೋ ಪಾಪ ಅನ್ನಿಸಿತು. ಮೇಡಂ ಉಷಾರಾಣಿಯ ಕಿವಿಯಲ್ಲಿ ಏನೋ ಹೇಳಿದರು.

ಸ್ವಲ್ಪ ಹೊತ್ತಿಗೆ ಗಂಟೆಯ ಸದ್ದು. ಬಾಗಿಲ ಬಳಿಯ ಗಣಪತಿಗೆ ದಿನವೂ ಮಂಗಳಾರತಿ, ಆಮೇಲೆ ತಟ್ಟೆ ಒಂದೊಂದೇ ಮಂಚಕ್ಕೆ ಬರುತ್ತದೆ. ಇವತ್ತು ಉಷಾರಾಣಿ ತಂದ ತಟ್ಟೆ ಹಳದಿ ಗೆರೆಯ ಮೇಲೇ ನಿಂತುಬಿಟ್ಟಿತು. ಕರ್ಪೂರ ಸಣ್ಣಗಾಗುತ್ತಿತ್ತು.

ಇನ್ನೂ ಕುರ್ಚಿಯಲ್ಲೇ ಕೂತಿದ್ದ ಸಾಹುಕಾರರು ಹಣೆತುಂಬ ವಿಭೂತಿಯ ಮನುಷ್ಯ. ಹುಟ್ಟಿದಾಗಿನಿಂದ ಮಂಗಳಾರತಿಗೆ ಎದ್ದು ನಿಂತೇ ಅಭ್ಯಾಸ. ಎದ್ದರು. ಎರಡೂ ಕೈ ಮುಂದೆ ಚಾಚಿ ಗೆರೆಯವರೆಗೆ ನಡೆದು, ಉರಿಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡರು.

ಕಣ್ಣು ಬಿಟ್ಟಾಗ ಮೇಡಂ ಎದುರಿಗಿದ್ದರು.

"ಕೈ ಊರಲೇ ಇಲ್ಲಲ್ರೀ ಸಾವ್ಕಾರ್ರ!"

* * *

"ಪರದಿ ಆಚಿ ಮಲಗಿದವ್ರಿಗೆ ದಿಂಬಿನೊಳಗಿನ ಕಂಬಳಿ ಕಾಣಂಗಿಲ್ಲ," ಎಂದರು ಮೇಡಂ. "ಕೈ ಹಾಕಿದವಗ ಮಾತ್ರ ಗೊತ್ತು. ತಿಪ್ಪಕ್ಕ ಬಾಯಿ ಬಿಟ್ರ ಪರಿಹಾರ ಹೋಗ್ತದ. ಕಳ್ಳಿ ಅನಿಸಿಬಿಟ್ರ ಆಕಿ ಮಾತು ಯಾರು ನಂಬ್ತಾರ? ಅದಕ್ಕ ಆಕಿ ಬಚ್ಚಲಿಗೆ ಹೋದಾಗ ಸರ ತಂದು ತುರುಕಿದ್ರಿ."

"ಸರದ ಮ್ಯಾಲ ನನಗ ಆಸಿ ಇರಲಿಲ್ರೀ," ಎಂದ ಆಸಾಮಿ.

ಬೆಂಕಿ ಬಿತ್ತು! ಆಸೆಗೆ ಕದ್ದಿದ್ದರೇ ವಾಸಿಯಿತ್ತು. ರಟ್ಟೆ ಹಿಡಿದು ಜೀಪಿನತ್ತ ನಡೆಸಿದೆ. ಚೆನ್ನಾಗಿಯೇ ನಡೆದ.

ಟೋಪಿ ಮರೆತು ವಾಪಸ್ ಬಂದರೆ ಉಷಾರಾಣಿ ತಿಪ್ಪಕ್ಕನ ಮಂಚದ ಬಳಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು.

"ತಪ್ಪಾತು ಅಜ್ಜಿ. ಏಳು, ಇವತ್ತೂ ಗೆರಿ ಮುಟ್ಟಿ ಬರೂಣು."

ತಿಪ್ಪಕ್ಕ ಗೋಡೆಯ ಕಡೆ ಹೊರಳಿದಳು.

"ಬ್ಯಾಡ ತಾಯಿ. ನನಗೂ ಏಳಾಕ ಬರಂಗಿಲ್ಲ ಅಂತ ಬರಕೋ."