ಅಳಿಸಿದ ಗೆರೆ

ಅಕ್ಟೋಬರ್ 14, ಮಂಗಳವಾರ, ಬೆಳಿಗ್ಗೆ 9.40. ಸ್ಫಾಕ್ಸ್ ನಗರದ ಠಾಣೆಗೆ ಬಂದ ಶಾಲಾ ಶಿಕ್ಷಕಿ ರವ್ದಾ ಗರ್ಗೂರಿ ತಮ್ಮ ಇ-ರೀಡರನ್ನು ಇನ್‌ಸ್ಪೆಕ್ಟರ್ ಸಲ್ವಾ ತ್ರಿಕಿಯವರ ಮೇಜಿನ ಮೇಲಿಟ್ಟರು. ತಾವು ಅದರಲ್ಲಿ ಓದುತ್ತಿದ್ದ ಸ್ತನ ಕ್ಯಾನ್ಸರಿನ ಪುಸ್ತಕದ ಒಂದು ಪುಟದ ಚಿತ್ರ, ಯಾರದೆಂದು ತಿಳಿಯದ ನಂಬರಿನಿಂದ, ತಮ್ಮ ಹೆಸರಿನ ಸಮೇತ ಮಗಳು ಯುಸ್ರಾಳ ಭಾವೀ ಅತ್ತೆಯ ಫೋನಿಗೆ ಹೋಗಿದೆ ಎಂಬುದು ಅವರ ದೂರು.

"ನಿಮ್ಮ ಕಾಯಿಲೆ ವಿಷ್ಯ ಯಾರಿಗೆಲ್ಲ ಗೊತ್ತಿತ್ತು, ಲೆಲ್ಲಾ ರವ್ದಾ?" 'ಲೆಲ್ಲಾ' ಎಂದು ಗೌರವದಿಂದ ಕರೆದು ಸಲ್ವಾ ಕೇಳಿದರು.

"ಡಾಕ್ಟ್ರಿಗೆ, ನನಗೆ. ಅಷ್ಟೇ. ಶುಕ್ರವಾರ ನಿಕಾಹ್. ಅದು ಮುಗಿದ್ಮೇಲೆ ಮಗಳನ್ನ ಕೂರಿಸ್ಕೊಂಡು ನಾನೇ ಹೇಳೋಣ ಅಂತಿದ್ದೆ. ಆದ್ರೆ ಅವಳು ಅದನ್ನ ಅತ್ತೆ ಬಾಯಿಂದ ಕೇಳಿದ್ಲು. ಭಾನುವಾರದಿಂದ ನನ್ನ ಜೊತೆ ಮಾತಿಲ್ಲ."

ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೆಬಲ್ ಲಸಾದ್ ಚಿತ್ರವನ್ನು ಇ-ರೀಡರಿನ ಪುಟದೊಡನೆ ತಾಳೆ ನೋಡಿದರು. ಚಿತ್ರದಲ್ಲಿ 'ತಾಯಿಯಿಂದ ಮಗಳಿಗೆ ಬರಬಹುದು' ಎಂಬ ಸಾಲಿನಡಿ ಗೆರೆಯಿತ್ತು, ಇ-ರೀಡರಿನಲ್ಲಿ ಇರಲಿಲ್ಲ.

"ಶನಿವಾರ ಸಂಜೆ ಎಳೆದಿದ್ದೆ. ಹೆದರಿಕೆಯಾಗಿ ಹತ್ತೇ ನಿಮಿಷಕ್ಕೆ ಅಳಿಸ್ದೆ. ಮನೇಲಿ ಯಾರೂ ಇರ್ಲಿಲ್ಲ."

"ಹಾಗಾದ್ರೆ ನಿಮ್ಮ ಖಾತೆ ಆಗ ಇನ್ನೆಲ್ಲೋ ತೆರೆದಿತ್ತು, ಎಳೆದ ಗೆರೆ ಅಲ್ಲೂ ಕಾಣಿಸಿದೆ," ಎಂದರು ಸಲ್ವಾ. "ಖಾತೆ ಮಾಡ್ಕೊಟ್ಟೋರು ಯಾರು?"

"ಮೊಬೈಲ್ ಅಂಗಡಿ ಅನೀಸ್, ಎಲ್ರೂ ಮರ್ಯಾದೆಗೆ 'ಸೀ ಅನೀಸ್' ಅಂತಾರಲ್ಲ, ಅವನು. ನಮ್ ಕಾರ್ಡಲ್ಲಿ ಹೊರದೇಶಕ್ಕೆ ದುಡ್ಡು ಹೋಗಲ್ವಲ್ಲ. ಪುಸ್ತಕ ಕೊಂಡು ಹಾಕ್ಕೊಡೋದೂ ಅವನೇ, ಪಾಸ್‌ವರ್ಡೂ ಅವನದ್ದೇ."

ಮಧ್ಯಾಹ್ನ 12.15ಕ್ಕೆ ಇಬ್ಬರು ಪಂಚರ ಸಮಕ್ಷಮ ಅನೀಸ್ ಮಸ್ಮೂದಿಯ ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಅವನ ಫೋನಿನಲ್ಲಿ ಅದೇ ಚಿತ್ರ ಸಿಕ್ಕಿತು: ಶನಿವಾರ, ಸಂಜೆ 6.22. ಕಪಾಟಿನಲ್ಲಿ ಒಂದು ನೋಟ್‌ಬುಕ್. ನಲವತ್ತೆರಡು ಹೆಸರು, ಪಕ್ಕದಲ್ಲೇ ಪಾಸ್‌ವರ್ಡ್.

"ಏನ್ ಸೀ ಅನೀಸ್, ಊರೋರ ಮನೆ ಬೀಗದಕೈಯೆಲ್ಲ ಇಲ್ಲೇ ನೇತುಹಾಕಿದ್ದೀಯಾ?" ಎಂದು ನಕ್ಕ ಲಸಾದ್ ಪುಟ ತಿರುವಿದರು. ನಗು ನಿಂತಿತು. ಹದಿನೇಳನೆಯ ಹೆಸರು ಅವರ ಹೆಂಡತಿಯದು. ಆಕೆ ಏನು ಓದುತ್ತಾಳೆಂದು ಅವರು ಕೇಳಲಿಲ್ಲ.

"ಯಾಕೆ ಕಳಿಸ್ದೆ?" ಸಲ್ವಾ ಕೇಳಿದರು.

"ನನ್ ಹೆಂಡ್ತಿ ಕಡೆಯೋರೂ ಹಿಂಗೇ ಕಾಯಿಲೆ ಮುಚ್ಚಿಟ್ರು ಮೇಡಂ. ಮದುವೆಯಾಗಿ ಮೂರನೇ ವರ್ಷಕ್ಕೆ ಅವಳನ್ನ ಮಣ್ಣು ಮಾಡ್ದೆ. ನಂಗ್ಯಾರೂ ಹೇಳ್ಲಿಲ್ಲ. ಯುಸ್ರಾನ ಮದುವೆಯಾಗೋ ಹುಡುಗನಿಗಾದ್ರೂ ಗೊತ್ತಾಗ್ಲಿ ಅಂತ."

"ಗೊತ್ತಿದ್ದಿದ್ರೆ ಅವಳನ್ನ ಬಿಡ್ತಿದ್ದೆಯಾ?"

ಅನೀಸ್ ಹೇಳಿದ: "ಇಲ್ಲ."

1.05ಕ್ಕೆ ಬಂಧನವಾಯಿತು. ಒಬ್ಬರ ಓದು ಅವರ ಮನಸ್ಸಿನ ಒಳಕೋಣೆ. ತನಗೆ ನೋವಾಗಿದೆ ಎಂದು ಅಲ್ಲಿಗೆ ನುಗ್ಗುವ ಅಧಿಕಾರ ಯಾರಿಗೂ ಇಲ್ಲ. ವರದಿಯಲ್ಲಿ ಕಾರಣದ ಎದುರು ಸಲ್ವಾ ಬರೆದದ್ದು ಒಂದೇ ಸಾಲು: 'ತನಗೆ ಯಾರೂ ಹೇಳಲಿಲ್ಲವೆಂಬ ದುಃಖ.'

ಸಂಜೆ, ಹೊಸ ಪಾಸ್‌ವರ್ಡ್ ಹಾಕಿದ ಇ-ರೀಡರನ್ನು ಪಡೆಯಲು ಬಂದ ರವ್ದಾರ ಹಿಂದೆ ಯುಸ್ರಾಳೂ ಇದ್ದಳು.

"ಎಲ್ರಿಗಿಂತ ಮೊದ್ಲು ನಂಗೆ ಹೇಳ್ಬೇಕಿತ್ತಲ್ಲಮ್ಮ."

ರವ್ದಾ ಠಾಣೆಯ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು.

"ಈಗ ಹೇಳ್ತೀನಿ. ಕೂತ್ಕೋ."